ನೂರಹತ್ತು ಕಿಲೋ ಸವಾರನಿಗೆ ಎಂಥ ಸ್ಪ್ರಿಂಗ್?

ಕಾರ್ಖಾನೆಯಲ್ಲಿ ಮೋಟಾರ್‌ಸೈಕಲ್ಲಿಗೆ ಸ್ಪ್ರಿಂಗ್ ಆರಿಸುವ ಎಂಜಿನಿಯರುಗಳಿಗೆ ಮುಂದೆ ಅದರ ಮೇಲೆ ಕೂರುವವರು ಯಾರೆಂದು ತಿಳಿದಿರುವುದಿಲ್ಲವಾದ್ದರಿಂದ, ಅವರು ನಡುತೂಕದ ಒಬ್ಬ ಸವಾರನನ್ನು ಊಹಿಸಿಕೊಂಡೇ ಕೆಲಸ ಆರಂಭಿಸಬೇಕಾಗುತ್ತದೆ. ಯುರೋಪಿನ ವಾಹನ ನಿಯಮಗಳಲ್ಲಿ ಸವಾರನ ತೂಕವನ್ನು 75 ಕೆ.ಜಿ. ಎಂದು ಹಿಡಿಯುವ ರೂಢಿಯಿದೆ. ಆ ಜಾಗದಲ್ಲಿ 110 ಕೆ.ಜಿ. ತೂಗುವವರು ಬಂದು ಕೂತಾಗ, ಹೆಲ್ಮೆಟ್, ಜಾಕೆಟ್, ಬೂಟುಗಳ ಭಾರವೂ ಅದಕ್ಕೆ ಸೇರಿದಾಗ, ಬೈಕಿನ ಹಿಂಬದಿ ಕುಸಿಯುತ್ತದೆ, ಹಂಪು ದಾಟುವಾಗ ಶಾಕ್ ಅಬ್ಸಾರ್ಬರ್ ತಳಕ್ಕೆ ಬಡಿಯುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮಂದವಾಗುತ್ತದೆ. ತಮ್ಮ ಮೈಭಾರಕ್ಕೆ ಇದು ಸಹಜವೆಂದು ತಿಳಿದು ವರ್ಷಗಟ್ಟಲೆ ಹಾಗೆಯೇ ಓಡಿಸುವವರು ಬಹಳ ಮಂದಿಯಿದ್ದಾರೆ. ಅವರಿಗೆ ಬೇಕಾದದ್ದು ಒಂದು ಅಳತೆಯ ಟೇಪು, ಸರಿಯಾದ ಸ್ಪ್ರಿಂಗು ಮತ್ತು ಸ್ವಲ್ಪ ಲೆಕ್ಕ.

ಗ್ಯಾರೇಜುಗಳಲ್ಲಿ ಈ ತೊಂದರೆಗೆ ಸಿಗುವ ಮೊದಲ ಪರಿಹಾರವೆಂದರೆ ಹಿಂದಿನ ಶಾಕನ್ನು ‘ಟೈಟ್’ ಮಾಡುವುದು. ಶಾಕ್ ಅಬ್ಸಾರ್ಬರಿನ ಮೇಲೆ ಸ್ಪ್ರಿಂಗಿಗೆ ಆತುಕೊಂಡಂತೆ ಮೆಟ್ಟಿಲು ಕಡಿದ ಒಂದು ಬಳೆಯಿರುತ್ತದೆ. ಸಿ ಸ್ಪ್ಯಾನರಿನಿಂದ ಅದನ್ನು ತಿರುಗಿಸಿ ಮೇಲಿನ ಮೆಟ್ಟಿಲಿಗೆ ಕೂರಿಸಿದರೆ, ಬೈಕಿನ ಮೇಲೆ ಯಾರೂ ಕೂರುವ ಮೊದಲೇ ಸ್ಪ್ರಿಂಗು ಕೆಲವು ಮಿಲಿಮೀಟರು ಅದುಮಿಕೊಂಡು ನಿಲ್ಲುತ್ತದೆ. ಹೀಗೆ ಮುಂಚಿತವಾಗಿ ಅದುಮಿಡುವ ಪ್ರಮಾಣಕ್ಕೆ ಪ್ರಿಲೋಡ್ ಎನ್ನುತ್ತಾರೆ. ಇದರಿಂದ ಸ್ಪ್ರಿಂಗು ಗಡಸಾಯಿತೆಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಅನುಭವಿ ಮೆಕ್ಯಾನಿಕ್‌ಗಳೂ ಹಾಗೆಯೇ ಹೇಳುವುದುಂಟು. ಆದರೆ 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮದ ಪ್ರಕಾರ ಸ್ಪ್ರಿಂಗು ಎಷ್ಟು ಅದುಮಿಕೊಳ್ಳುತ್ತದೆಯೋ ಅದರ ಪ್ರತಿಬಲವೂ ಅದೇ ಅನುಪಾತದಲ್ಲಿ ಏರುತ್ತದೆ. ಒಂದು ಮಿಲಿಮೀಟರು ಅದುಮಲು 20 ನ್ಯೂಟನ್ ಬಲ ಬೇಡುವ ಸ್ಪ್ರಿಂಗು, ಬಳೆ ಯಾವ ಮೆಟ್ಟಿಲಿನಲ್ಲಿದ್ದರೂ, ಮುಂದಿನ ಪ್ರತಿ ಮಿಲಿಮೀಟರಿಗೂ ಅಷ್ಟೇ ಬಲವನ್ನು ಬೇಡುತ್ತದೆ. ಪ್ರಿಲೋಡ್ ಹೆಚ್ಚಿಸಿದಾಗ ಬೈಕಿನ ಹಿಂಬದಿ ಮೇಲಕ್ಕೇಳುತ್ತದೆ, ಅಷ್ಟು ಮಾತ್ರ.

ಪ್ರತಿ ಮಿಲಿಮೀಟರಿಗೆ ಬೇಕಾಗುವ ಈ ಬಲವೇ ಸ್ಪ್ರಿಂಗ್ ರೇಟ್, ಅಂದರೆ ಸ್ಪ್ರಿಂಗಿನ ನಿಜವಾದ ಗಡಸುತನ, ಮತ್ತು ಅದು ತಂತಿಯ ದಪ್ಪ, ಸುರುಳಿಯ ವ್ಯಾಸ, ಸುರುಳಿಗಳ ಸಂಖ್ಯೆ ಹಾಗೂ ಉಕ್ಕಿನ ಗುಣ ಇವುಗಳಿಂದ ತಯಾರಿಕೆಯ ದಿನವೇ ನಿರ್ಧಾರವಾಗಿಬಿಡುತ್ತದೆ. ಇವುಗಳಲ್ಲಿ ತಂತಿಯ ದಪ್ಪದ ಪ್ರಭಾವ ಅಚ್ಚರಿ ಹುಟ್ಟಿಸುವಂಥದ್ದು: ಗಡಸುತನವು ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ಉಳಿದದ್ದೆಲ್ಲ ಹಾಗೆಯೇ ಇದ್ದು ತಂತಿ ಮಾತ್ರ ಶೇ. 10ರಷ್ಟು ದಪ್ಪವಾದರೆ ಸ್ಪ್ರಿಂಗು ಶೇ. 46ರಷ್ಟು ಗಡಸಾಗುತ್ತದೆ. ಅಂಗಡಿಯ ಗಾಜಿನ ಹಿಂದೆ ಅಕ್ಕಪಕ್ಕದಲ್ಲಿಟ್ಟ ಎರಡು ಸ್ಪ್ರಿಂಗುಗಳ ವ್ಯತ್ಯಾಸವನ್ನು ಕಣ್ಣಳತೆಯಿಂದ ಹೇಳಲಾಗದಿರುವುದಕ್ಕೆ ಇದೇ ಕಾರಣ; ಗಡಸುತನದ ಅಂಕಿ ನಮೂದಾಗದ ಸ್ಪ್ರಿಂಗನ್ನು ಭಾರದ ಸವಾರರು ಕೊಳ್ಳಲೇಬಾರದೆಂಬುದು ಈ ಅಂಕಣದ ಖಚಿತ ಅಭಿಪ್ರಾಯ.

ಹಾಗಿದ್ದರೆ ಬೈಕಿನಲ್ಲಿ ಈಗಿರುವ ಸ್ಪ್ರಿಂಗು ಸಾಲದೆಂದು ತಿಳಿಯುವುದು ಹೇಗೆ? ಅದಕ್ಕೆ ಸ್ಯಾಗ್ ಅಳೆಯಬೇಕು. ಸ್ಯಾಗ್ ಎಂದರೆ ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಪ್ರಮಾಣ. ಹಿಂದಿನ ಚಕ್ರವನ್ನು ನೆಲದಿಂದ ಪೂರ್ತಿ ಎತ್ತಿ, ಚಕ್ರದ ಅಚ್ಚಿನಿಂದ ಅದರ ನೇರಕ್ಕೆ ಮೇಲೆ ಸೀಟಿನ ಕೆಳಗೆ ಗುರುತು ಮಾಡಿದ ಬಿಂದುವಿಗೆ ಇರುವ ದೂರವನ್ನು ಮೊದಲು ಬರೆದುಕೊಳ್ಳಬೇಕು. ಬಳಿಕ ಬೈಕನ್ನು ನೆಲಕ್ಕಿಳಿಸಿ, ಪೂರ್ತಿ ಉಡುಪು ಧರಿಸಿದ ಸವಾರರು ಓಡಿಸುವ ಭಂಗಿಯಲ್ಲೇ ಕೂತು, ಕಾಲುಗಳನ್ನು ಫುಟ್‌ರೆಸ್ಟಿನ ಮೇಲಿಟ್ಟಾಗ, ಒಬ್ಬರು ಹ್ಯಾಂಡಲ್ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಅದೇ ಎರಡು ಬಿಂದುಗಳ ನಡುವಿನ ದೂರವನ್ನು ಅಳೆಯಬೇಕು. ಸೀಲುಗಳ, ಬುಷ್‌ಗಳ ಘರ್ಷಣೆಯಿಂದ ಬೈಕು ನಿಜವಾದ ಮಟ್ಟಕ್ಕಿಂತ ತುಸು ಮೇಲೆಯೋ ಕೆಳಗೆಯೋ ನಿಂತುಬಿಡುವುದರಿಂದ, ಒಮ್ಮೆ ಹಿಂಬದಿಯನ್ನು ಒತ್ತಿ ಮೆಲ್ಲಗೆ ಏಳಲು ಬಿಟ್ಟು, ಇನ್ನೊಮ್ಮೆ ಮೇಲೆತ್ತಿ ಮೆಲ್ಲಗೆ ಇಳಿಯಲು ಬಿಟ್ಟು, ಎರಡರ ಸರಾಸರಿಯನ್ನು ಹಿಡಿಯುವುದು ಸರಿಯಾದ ಕ್ರಮ; ಈ ಎರಡು ಅಳತೆಗಳು ಒಂದಕ್ಕೊಂದು ಬಹಳ ದೂರವಿದ್ದರೆ ಸ್ಪ್ರಿಂಗಿನ ಯೋಚನೆಯನ್ನು ಬದಿಗಿಟ್ಟು ಮೊದಲು ಬುಷ್ ಮತ್ತು ಬೇರಿಂಗುಗಳಿಗೆ ಗ್ರೀಸ್ ಹಾಕಿಸಬೇಕಾಗುತ್ತದೆ. ಮೊದಲಿನ ಅಳತೆಯಿಂದ ಈ ಸರಾಸರಿಯನ್ನು ಕಳೆದರೆ ಬರುವುದು ಸವಾರಸಹಿತ ಸ್ಯಾಗ್. ಸವಾರರು ಇಳಿದ ಮೇಲೆ ಬೈಕು ತನ್ನ ತೂಕಕ್ಕಷ್ಟೇ ಎಷ್ಟು ಕುಸಿದಿದೆಯೆಂದು ಅಳೆದರೆ ಅದು ಖಾಲಿ ಸ್ಯಾಗ್.

ರಸ್ತೆಯ ಬೈಕುಗಳಲ್ಲಿ ಸವಾರಸಹಿತ ಸ್ಯಾಗ್ ಚಕ್ರದ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟಿರಬೇಕು, ಖಾಲಿ ಸ್ಯಾಗ್ 5ರಿಂದ 10 ಮಿ.ಮೀ. ಇರಬೇಕು ಎನ್ನುವುದು ಬಹುಪಾಲು ತಜ್ಞರು ಒಪ್ಪುವ ಮಾತು. ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650ರಲ್ಲಿ ಹಿಂದಿನ ಚಕ್ರಕ್ಕೆ ಇರುವ ಚಲನೆ 88 ಮಿ.ಮೀ. ಮಾತ್ರ, ಅದೇ ಕಂಪನಿಯ ಹಿಮಾಲಯನ್ 411ರಲ್ಲಿ ಅದು 180 ಮಿ.ಮೀ. ಆದ್ದರಿಂದ ಹೆಚ್ಚುವರಿಯಾಗಿ 10 ಮಿ.ಮೀ. ಕುಸಿದರೆ ಹಿಮಾಲಯನ್ನಿಗೆ ಅದು ಸಣ್ಣ ನಷ್ಟ, ಇಂಟರ್‌ಸೆಪ್ಟರಿಗೆ ದೊಡ್ಡ ನಷ್ಟ.

ಭಾರದ ಸವಾರರ ವಿಷಯದಲ್ಲಿ ನಿರ್ಣಾಯಕವಾದದ್ದು ಖಾಲಿ ಸ್ಯಾಗ್, ಮತ್ತು ಇದರ ತರ್ಕವನ್ನು ಅಂಕಿಗಳಿಟ್ಟುಕೊಂಡೇ ನೋಡಬೇಕು. ಲೆಕ್ಕದ ಸಲುವಾಗಿ, ಹಿಂದಿನ ಚಕ್ರಕ್ಕೆ 100 ಮಿ.ಮೀ. ಚಲನೆಯಿರುವ, ಆ ಚಕ್ರದ ಬಳಿ ಅಳೆದರೆ ಪ್ರತಿ ಮಿಲಿಮೀಟರಿಗೆ 22 ನ್ಯೂಟನ್ ಗಡಸುತನವಿರುವ ಒಂದು ಬೈಕನ್ನು ಹಿಡಿಯೋಣ. ಅದರ ಸ್ವಂತ ತೂಕದಲ್ಲಿ ಸುಮಾರು 80 ಕೆ.ಜಿ. ಹಿಂದಿನ ಸ್ಪ್ರಿಂಗುಗಳ ಮೇಲಿದೆ, ಸವಾರರ ತೂಕದಲ್ಲಿ ಶೇ. 60 ಹಿಂದಕ್ಕೆ ಬೀಳುತ್ತದೆ ಎಂದಿಟ್ಟುಕೊಂಡರೆ, 75 ಕೆ.ಜಿ. ಸವಾರರ ಪಾಲು 45 ಕೆ.ಜಿ., ಅಂದರೆ ಸುಮಾರು 441 ನ್ಯೂಟನ್, ಅದರಿಂದಾಗುವ ಕುಸಿತ 20 ಮಿ.ಮೀ. ಖಾಲಿ ಸ್ಯಾಗ್ 10 ಇದ್ದಲ್ಲಿ ಒಟ್ಟು 30 ಮಿ.ಮೀ. ಆಗಿ ಎಲ್ಲವೂ ಸರಿಯಾಗಿರುತ್ತದೆ. ಅದೇ ಬೈಕಿನ ಮೇಲೆ 110 ಕೆ.ಜಿ. ಸವಾರರು ಕೂತರೆ ಅವರ ಪಾಲು 66 ಕೆ.ಜಿ., ಕುಸಿತ ಹತ್ತಿರಹತ್ತಿರ 30, ಒಟ್ಟು 40 ಮಿ.ಮೀ. ಈಗ ಸಿ ಸ್ಪ್ಯಾನರ್ ಹಿಡಿದು ಈ 40ನ್ನು ಮತ್ತೆ 30ಕ್ಕೆ ತರಬಹುದು. ಟೇಪು ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಸವಾರರೂ ಸಮಾಧಾನಪಡುತ್ತಾರೆ. ಆದರೆ ಅವರು ಕೆಳಗಿಳಿದಾಗ ಖಾಲಿ ಸ್ಯಾಗ್ ಸೊನ್ನೆಗೆ ಬಂದಿರುತ್ತದೆ: ಬೈಕಿನ ಸ್ವಂತ ತೂಕಕ್ಕೆ ಹಿಂಬದಿ ಒಂದಿಷ್ಟೂ ಬಗ್ಗದೆ, ಶಾಕ್ ತನ್ನ ಪೂರ್ತಿ ಉದ್ದಕ್ಕೆ ಚಾಚಿಕೊಂಡು ನಿಂತಿರುತ್ತದೆ. ಅಂಥ ಬೈಕಿನಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಸರಿದು ಹಿಂಬದಿ ಹಗುರಾಗುತ್ತಲೇ ಶಾಕ್ ಪೂರ್ತಿ ಚಾಚಿ ತಡೆಗೆ ತಗಲುತ್ತದೆ, ಟೈರಿನ ಹಿಡಿತ ಹೋಗುತ್ತದೆ; ಇನ್ನೊಂದೆಡೆ, ಸ್ಪ್ರಿಂಗಿನ ಗಡಸುತನ ಹಿಂದಿನಷ್ಟೇ ಇರುವುದರಿಂದ ಗುಂಡಿಯಲ್ಲಿ ಹಿಂಬದಿ ಬೇಗ ತಳ ಮುಟ್ಟುತ್ತದೆ. ಸವಾರಸಹಿತ ಸ್ಯಾಗ್ ಸರಿಯಿದ್ದೂ ಖಾಲಿ ಸ್ಯಾಗ್ ಇಲ್ಲವೇ ಇಲ್ಲವೆಂದರೆ ಸ್ಪ್ರಿಂಗು ಆ ಸವಾರರಿಗೆ ಮೆತ್ತಗಾಯಿತೆಂದು ಅರ್ಥ, ಖಾಲಿ ಸ್ಯಾಗ್ ವಿಪರೀತವಿದ್ದರೆ ಸ್ಪ್ರಿಂಗು ಗಡಸಾಯಿತೆಂದು ಅರ್ಥ. ಮೊದಲ ಸಲ ಕೇಳಿದವರಿಗೆ ಇದು ತಲೆಕೆಳಗಾದ ಮಾತಿನಂತೆ ತೋರುತ್ತದೆ, ಮೇಲಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿದವರಿಗೆ ಹಾಗೆ ತೋರುವುದಿಲ್ಲ.

ಎಷ್ಟು ಗಡಸು ಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಎರಡೂ ಸ್ಯಾಗ್‌ಗಳನ್ನು ಮೊದಲಿನಂತೆಯೇ ಉಳಿಸಿಕೊಳ್ಳಬೇಕೆಂದು ಹಟ ಹಿಡಿದರೆ 45ರ ಜಾಗದಲ್ಲಿ 66 ಬಂದಿರುವುದರಿಂದ ಶೇ. 47ರಷ್ಟು ಗಡಸು ಸ್ಪ್ರಿಂಗು ಬೇಕಾಗುತ್ತದೆ. ಸ್ಪ್ರಿಂಗಿನ ಮೇಲಿನ ಒಟ್ಟು ಭಾರವನ್ನು ನೋಡಿದರೆ ಅದು 125 ಕೆ.ಜಿ.ಯಿಂದ 146ಕ್ಕೆ, ಅಂದರೆ ಶೇ. 17ರಷ್ಟು ಮಾತ್ರ ಏರಿದೆ. ಸರಿಯಾದ ಸ್ಪ್ರಿಂಗು ಈ ಎರಡರ ನಡುವೆ ಇರುತ್ತದೆ. ದಿನವೂ ಕೆಟ್ಟ ರಸ್ತೆಯಲ್ಲಿ ಓಡಾಡುವವರು ಕೆಳಗಿನ ಅಂಕಿಯ ಕಡೆಗೂ, ಸಾಮಾನು ಹೇರಿಕೊಂಡು ದೂರ ಹೋಗುವವರು ಮೇಲಿನ ಅಂಕಿಯ ಕಡೆಗೂ ಸರಿದುಕೊಳ್ಳುವುದು ವಿವೇಕ. ಒಂದೇ ಶಾಕ್ ಇದ್ದು ಅದಕ್ಕೂ ಚಕ್ರಕ್ಕೂ ನಡುವೆ ಸನ್ನೆಗಳ ಜೋಡಣೆಯಿರುವ ಬೈಕುಗಳಲ್ಲಿ ಶಾಕಿನ ಸ್ಪ್ರಿಂಗಿನ ಅಂಕಿ ಚಕ್ರದ ಬಳಿಯ ಅಂಕಿಗಿಂತ ಬಹಳ ದೊಡ್ಡದಾಗಿರುವುದರಿಂದ ಈ ಲೆಕ್ಕವನ್ನು ನೇರವಾಗಿ ಅನ್ವಯಿಸಲಾಗದು, ಅಲ್ಲಿ ತಯಾರಕರ ಕೋಷ್ಟಕವನ್ನೇ ನಂಬಬೇಕು. ಸ್ವೀಡನ್ನಿನ ಓಲಿನ್ಸ್‌ನಂಥ ಕಂಪನಿಗಳ ಶಾಕುಗಳಿಗೆ ಸವಾರರ ತೂಕಕ್ಕೆ ತಕ್ಕಂತೆ ಬೇರೆ ಬೇರೆ ಗಡಸುತನದ ಸ್ಪ್ರಿಂಗುಗಳು ದೊರೆಯುತ್ತವೆ. ದುಬಾರಿ ಶಾಕ್ ಕೊಂಡೂ ತೂಕವನ್ನು ತಿಳಿಸದಿದ್ದರೆ ಹಣ ಅರ್ಧ ವ್ಯರ್ಥವಾದಂತೆ.

ಕುಸಿದ ಹಿಂಬದಿ ಸೌಖ್ಯವನ್ನಷ್ಟೇ ಕೆಡಿಸುವುದಿಲ್ಲ. ಎರಡು ಅಚ್ಚುಗಳ ನಡುವೆ 1400 ಮಿ.ಮೀ. ಅಂತರವಿರುವ ಬೈಕಿನ ಹಿಂಭಾಗ 10 ಮಿ.ಮೀ. ಹೆಚ್ಚು ಇಳಿದರೆ ಮುಂದಿನ ಫೋರ್ಕಿನ ವಾಲು ಸುಮಾರು 0.4 ಡಿಗ್ರಿ ಹೆಚ್ಚುತ್ತದೆ. ಇದರೊಂದಿಗೆ, ಹ್ಯಾಂಡಲ್ ತಿರುಗುವ ಅಕ್ಷರೇಖೆ ನೆಲವನ್ನು ಸೇರುವ ಬಿಂದುವಿಗೂ ಟೈರು ನೆಲ ಮುಟ್ಟುವ ಬಿಂದುವಿಗೂ ನಡುವಿನ ಅಂತರ, ಅಂದರೆ ಟ್ರೇಲ್, ಎರಡು ಮೂರು ಮಿಲಿಮೀಟರು ಹಿಗ್ಗುತ್ತದೆ. ಅಂಕಿಗಳು ಚಿಕ್ಕವು, ಪರಿಣಾಮ ಚಿಕ್ಕದಲ್ಲ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳ ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಎಂಜಿನ್ನಿನ ಎಳೆತಕ್ಕೂ ಏರಿಗೂ ಭಾರ ಮೊದಲೇ ಹಿಂದಕ್ಕೆ ಸರಿದಿರುತ್ತದೆ. ಅದರ ಮೇಲೆ ಈ ಕುಸಿತವೂ ಸೇರಿದಾಗ ಬೈಕು ತಿರುವಿನ ಒಳಅಂಚನ್ನು ಬಿಟ್ಟು ಹೊರಕ್ಕೆ, ಎದುರಿನಿಂದ ಬರುವ ಬಸ್ಸಿನ ದಾರಿಗೆ, ಹರಿಯತೊಡಗುತ್ತದೆ. ಇದು ಸುರಕ್ಷತೆಯ ಮಾತು, ಸೀಟು ಮೆತ್ತಗಿದೆಯೋ ಇಲ್ಲವೋ ಎಂಬುದರಷ್ಟು ಹಗುರವಾಗಿ ತೆಗೆದುಕೊಳ್ಳತಕ್ಕದ್ದಲ್ಲ.

ಮುಂದಿನ ಫೋರ್ಕಿನ ಕಡೆಗೆ ಸವಾರರ ತೂಕದ ಕಿರಿಯ ಪಾಲು ಬೀಳುತ್ತದಾದರೂ, ಬ್ರೇಕ್ ಹಿಡಿದಾಗ ಮುಂದಕ್ಕೆ ಸರಿಯುವ ಭಾರವು ಒಟ್ಟು ತೂಕ ಮತ್ತು ಅದರ ಗುರುತ್ವಕೇಂದ್ರದ ಎತ್ತರ ಎರಡನ್ನೂ ಅವಲಂಬಿಸಿರುವುದರಿಂದ ಅದನ್ನು ಅಲಕ್ಷಿಸುವಂತಿಲ್ಲ. ಫೋರ್ಕಿನಲ್ಲಿ ಸ್ಪ್ರಿಂಗ್ ಬದಲಿಸುವುದರ ಜೊತೆಗೆ ಇನ್ನೊಂದು ಉಪಾಯವಿದೆ. ಕೊಳವೆಯೊಳಗೆ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸಿಕ್ಕಿಬಿದ್ದ ಗಾಳಿಯೂ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಎಣ್ಣೆಯ ಮಟ್ಟವನ್ನು ಏರಿಸಿದರೆ ಗಾಳಿಯ ಜಾಗ ಕಿರಿದಾಗಿ, ಮೊದಲರ್ಧ ಚಲನೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೂ ಕೊನೆಯ ಭಾಗದಲ್ಲಿ ಫೋರ್ಕು ಗಟ್ಟಿಯಾಗಿ ನಿಲ್ಲುತ್ತದೆ. ಸ್ಪ್ರಿಂಗನ್ನು ಹೊರತೆಗೆದು, ಫೋರ್ಕನ್ನು ಪೂರ್ತಿ ಅದುಮಿ ಈ ಮಟ್ಟವನ್ನು ಅಳೆಯಬೇಕು, ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಏರಿಸಬಾರದು, ಏಕೆಂದರೆ ಮಿತಿಮೀರಿದರೆ ಒತ್ತಡಕ್ಕೆ ಆಯಿಲ್ ಸೀಲ್ ಕಿತ್ತುಬರುತ್ತದೆ. ಒಂದು ತುದಿಯಲ್ಲಿ ಸುರುಳಿಗಳು ಒತ್ತಾಗಿದ್ದು ಇನ್ನೊಂದು ತುದಿಯಲ್ಲಿ ಬಿಡಿಯಾಗಿರುವ, ಅದುಮಿದಷ್ಟೂ ಗಡಸಾಗುತ್ತ ಹೋಗುವ ಪ್ರೋಗ್ರೆಸಿವ್ ಸ್ಪ್ರಿಂಗುಗಳನ್ನು ಅಂಗಡಿಗಳಲ್ಲಿ ಬಹಳ ಹೊಗಳುತ್ತಾರೆ. ಆದರೆ ಭಾರದ ಸವಾರರಲ್ಲಿ ಅವುಗಳ ಮೆತ್ತಗಿನ ಭಾಗವೆಲ್ಲ ಕೂತ ಕೂಡಲೇ ಮುಗಿದುಹೋಗುವುದರಿಂದ, ಆದಿಯಿಂದ ಕೊನೆಯವರೆಗೆ ಒಂದೇ ಗಡಸುತನದ ಸ್ಪ್ರಿಂಗೇ ಅವರಿಗೆ ಹೆಚ್ಚು ಹಿತ.

ಸ್ಪ್ರಿಂಗು ಬದಲಾದ ಮೇಲೆ ಡ್ಯಾಂಪಿಂಗ್ ಕೂಡ ಬದಲಾಗಬೇಕು. ಡ್ಯಾಂಪಿಂಗ್ ಎಂದರೆ ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ಹಾಯಿಸಿ ಸ್ಪ್ರಿಂಗಿನ ಕುಣಿತಕ್ಕೆ ತಡೆಯೊಡ್ಡುವುದು. ಕಚೇರಿಯ ಬಾಗಿಲು ದಡಕ್ಕನೆ ಬಡಿಯದಂತೆ ಡೋರ್ ಕ್ಲೋಸರ್ ಹಿಡಿದು ಬಿಡುವ ಬಗೆಯಲ್ಲೇ ಅದು ಕೆಲಸ ಮಾಡುತ್ತದೆ. ಅದುಮುವಾಗಿನ ತಡೆ ಕಂಪ್ರೆಷನ್, ಚಾಚಿಕೊಳ್ಳುವಾಗಿನದು ರೀಬೌಂಡ್. ಗಡಸು ಸ್ಪ್ರಿಂಗು ಹೆಚ್ಚು ಬಲದಿಂದ ವಾಪಸು ಒದೆಯುವುದರಿಂದ ರೀಬೌಂಡನ್ನು ಬಿಗಿಗೊಳಿಸಬೇಕು: ಹಿಂಬದಿಯನ್ನು ಜೋರಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು, ಎರಡನೆಯ ಸಲ ತೂಗಾಡದೆ ನಿಂತರೆ ಸಾಕು. ಬಿಗಿ ಮಿತಿಮೀರಿದರೆ ಹೆದ್ದಾರಿಯಲ್ಲಿ ಊರು ಬರುವ ಮುನ್ನ ಹಾಕುವ ಸಾಲುಸಾಲು ಉಬ್ಬುಪಟ್ಟಿಗಳ ಮೇಲೆ ಶಾಕಿಗೆ ಮತ್ತೆ ಚಾಚಿಕೊಳ್ಳಲು ಬಿಡುವೇ ಸಿಗದೆ, ಪ್ರತಿ ಪಟ್ಟಿಗೂ ಅದು ಇನ್ನಷ್ಟು ಕುಗ್ಗುತ್ತ ಹೋಗಿ ಕೊನೆಗೆ ಕಲ್ಲಿನಂತಾಗುತ್ತದೆ. ಹೊಂದಿಸುವ ತಿರುಪೇ ಇಲ್ಲದ ಸಾಧಾರಣ ಫೋರ್ಕುಗಳಲ್ಲಿ ಎಣ್ಣೆಯನ್ನು ದಪ್ಪಗೊಳಿಸುವುದೊಂದೇ ದಾರಿ. ಆದರೆ ಡಬ್ಬಿಯ ಮೇಲಿನ 10 ಡಬ್ಲ್ಯು, 15 ಡಬ್ಲ್ಯು ಎಂಬ ಅಂಕಿಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ ಕೊಟ್ಟಿರುವ ಸ್ನಿಗ್ಧತೆಯನ್ನು ಹೋಲಿಸಿ ನೋಡಿ ಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಬೈಕು ಹೊರಬಹುದಾದ ಭಾರದ ಮಿತಿ ಏರುವುದಿಲ್ಲ. ಚೌಕಟ್ಟು, ಚಕ್ರ, ಬ್ರೇಕು, ಟೈರುಗಳು ಮೊದಲಿನವೇ ಆಗಿರುವುದರಿಂದ ಕೈಪಿಡಿಯಲ್ಲಿ ಮುದ್ರಿಸಿದ ಗರಿಷ್ಠ ತೂಕವನ್ನು ಹಿಂಬದಿ ಸವಾರರನ್ನೂ ಸಾಮಾನನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರು ಸವಾರರಿಗೆಂದು ಹೇಳಿದ ಮಟ್ಟಕ್ಕೆ ತುಂಬಿದ ಮೇಲೆಯೇ ಸ್ಯಾಗ್ ಅಳೆಯಲು ತೊಡಗಬೇಕು. ಹಿಂಬದಿ ಸವಾರರು ಕೂತಾಗ ಬೇಕಾಗುವ ಪ್ರಿಲೋಡನ್ನು ಬೇರೆಯಾಗಿಯೇ ಅಳೆದು ಬಳೆ ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂದು ಬರೆದಿಟ್ಟುಕೊಂಡರೆ ಪ್ರತಿ ಸಲ ಟೇಪು ಹಿಡಿಯುವ ಅಗತ್ಯ ಬೀಳುವುದಿಲ್ಲ. ಹಿಂಬದಿಯ ಎತ್ತರ ಬದಲಾದಾಗಲೆಲ್ಲ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಬೀಳದಂತೆ ಅದನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಚೈನಿನ ಸಡಿಲವನ್ನೂ ಭಾರದ ಸವಾರರು ಕೂತಿರುವಾಗಲೇ ಪರೀಕ್ಷಿಸಬೇಕು, ಏಕೆಂದರೆ ಖಾಲಿ ಬೈಕಿನಲ್ಲಿ ಸರಿಯಾಗಿ ತೂಗುವ ಚೈನು ಹಿಂಬದಿ ಕುಸಿದಾಗ ಬಿಗಿದುಕೊಂಡು ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನತೊಡಗುತ್ತದೆ.