ಬೆಳವಾಡಿಯ ಕಾಳಗ ಮತ್ತು ಗತವೈಭವದ ಬರಹ

ಜಾವಗಲ್ಲಿನಿಂದ ಬೆಳವಾಡಿ ದೂರವೇನಲ್ಲ. ಅಲ್ಲಿಯ ವೀರನಾರಾಯಣ ದೇವಾಲಯ ನೋಡಲು ಬರುವವರು ಬಹಳ. 1276ರಲ್ಲಿ ಆ ಊರಿನ ಬಳಿ ಹೊಯ್ಸಳರಿಗೂ ದೇವಗಿರಿಯ ಸೇವುಣರಿಗೂ ಕಾಳಗ ನಡೆದದ್ದನ್ನು ಬಲ್ಲವರು ಕಡಿಮೆ. ಸೇವುಣ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೇ ಕೈಯಿಕ್ಕಲು ಬಂದಿದ್ದ. ಮೂರನೆಯ ನರಸಿಂಹನ ಪಡೆ ಅವನನ್ನು ಬೆಳವಾಡಿಯಲ್ಲಿ ಮುರಿದು ದುಮ್ಮಿಯ ಆಚೆಗೆ ಅಟ್ಟಿತು ಎನ್ನುತ್ತವೆ ಹೊಯ್ಸಳ ಶಾಸನಗಳು. ಮರುವರ್ಷದ ಹರಿಹರದ ಶಾಸನದಲ್ಲಿ ಮಾತ್ರ ತಿಕ್ಕಮ ದೋರಸಮುದ್ರವನ್ನು ಸೂರೆ ಮಾಡಿ ಆನೆ ಕುದುರೆಗಳೊಡನೆ ಮರಳಿದ ವೀರ. ಆ ಹರಿಹರದ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನಾದರೂ ಹೊಯ್ಸಳರ ದಂಡನಾಯಕ ಪೋಲಾಳ್ವ. ಒಬ್ಬರು ಕಟ್ಟಿಸಿದ ಗುಡಿಯಲ್ಲಿ ಅವರನ್ನೇ ಗೆದ್ದೆನೆಂದು ಇನ್ನೊಬ್ಬರು ಬರೆಸುವಷ್ಟು ಹತ್ತಿರದ ಶತ್ರುಗಳು ಇವರು.

ಇಂಥ ಯುದ್ಧಗಳನ್ನು ಏನು ಮಾಡಬೇಕೆಂದು ನಮ್ಮ ಗತವೈಭವದ ಪರಂಪರೆಗೆ ತಿಳಿಯಲೇ ಇಲ್ಲ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂದಾಗ ಕನ್ನಡ ನಾಡು ಹಲವು ಆಡಳಿತಗಳ ಕೈಯಲ್ಲಿ ಹರಿದು ಹಂಚಿಹೋಗಿತ್ತು. ಆಗ ಜನಕ್ಕೆ ಬೇಕಿದ್ದದ್ದು ನಮ್ಮದೂ ಒಂದು ನಾಡು ಎಂಬ ಧೈರ್ಯ. ಅದನ್ನು ಆ ಪುಸ್ತಕ ಕೊಟ್ಟಿತು. 1956ರ ಏಕೀಕರಣದ ಹಿಂದೆ ಆ ಧೈರ್ಯದ ಪಾಲು ದೊಡ್ಡದು. ನನಗೆ ಅದರ ಮೇಲೆ ಗೌರವವಿದೆ. ಆದರೆ ಅದರ ಜಾಡಿನಲ್ಲಿ ಬೆಳೆದ ಬರಹ, ಭಾಷಣ, ಪಠ್ಯಗಳಲ್ಲಿ ಒಂದು ಹಳಹಳಿಕೆ ನೆಲೆಯೂರಿತು: ಕನ್ನಡದ ಅರಸರು ತಮ್ಮತಮ್ಮಲ್ಲೇ ಕಾದಾಡದಿದ್ದರೆ ದೆಹಲಿಯ ದಂಡು ತುಂಗಭದ್ರೆ ದಾಟುತ್ತಿರಲಿಲ್ಲ ಎಂಬುದು. ಹಾಗಾಗದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಇತಿಹಾಸಕ್ಕೆ ನಿಷಿದ್ಧವಲ್ಲ. ಊಹೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಮುಖ್ಯ. ಈ ಹಳಹಳಿಕೆ, ಒಂದೇ ಬಗೆಯವರು ಕೂಡಿರುವುದೇ ಸಹಜ, ಜಗಳ ಬರೀ ದುರ್ಬುದ್ಧಿ ಎಂಬಲ್ಲಿಂದ ಶುರುವಾಗುತ್ತದೆ. ನನ್ನ ತಕರಾರು ಅಲ್ಲೇ.

ಹೊಯ್ಸಳರೂ ಸೇವುಣರೂ ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದವರು. ಇಬ್ಬರೂ ಯದುವಂಶ ಹೇಳಿಕೊಂಡವರು, ಇಬ್ಬರೂ ಕನ್ನಡದಲ್ಲಿ ಶಾಸನ ಬರೆಸಿದವರು. ಚಾಲುಕ್ಯರ ಸಿಂಹಾಸನ ಬಿದ್ದಾಗ ಅದರ ವಾರಸುದಾರಿಕೆಗೆ ಇಬ್ಬರೂ ಕೈ ಚಾಚಿದರು. ಇಮ್ಮಡಿ ಬಲ್ಲಾಳನೂ ಐದನೆಯ ಭಿಲ್ಲಮನೂ ಗದಗದ ಹತ್ತಿರದ ಸೊರಟೂರಿನಲ್ಲಿ ಕಾದಿದ್ದು ಅದಕ್ಕಾಗಿ. ಹೋಲಿಕೆಯೇ ಅವರ ಹಗೆತನದ ಬೇರು. ಇಪ್ಪತ್ತನೆಯ ಶತಮಾನ ಇದನ್ನೇ ಬೇರೆ ಬಾವುಟದ ಕೆಳಗೆ ಕಂಡಿತು. ಸೋವಿಯತ್ ಒಕ್ಕೂಟ ಮತ್ತು ಚೀನಾ ಒಂದೇ ಮಾರ್ಕ್ಸ್‌ವಾದದ ಹೆಸರಿನಲ್ಲಿ 1969ರಲ್ಲಿ ಉಸ್ಸೂರಿ ನದಿಯ ಒಂದು ನಡುಗಡ್ಡೆಗಾಗಿ ಗುಂಡು ಹಾರಿಸಿದವು. 1979ರಲ್ಲಿ ಚೀನಾ ವಿಯೆಟ್ನಾಮಿನೊಳಕ್ಕೆ ಸೇನೆ ನುಗ್ಗಿಸಿ ಒಂದು ತಿಂಗಳಲ್ಲಿ ಹಿಂತೆಗೆಯಿತು. ಪಾಠ ಕಲಿಸಿದೆವೆಂದು ಒಬ್ಬರು, ಓಡಿಸಿದೆವೆಂದು ಇನ್ನೊಬ್ಬರು ಸಾರಿದರು. ಬೆಳವಾಡಿಯ ಕಾಳಗದ ಹೊಯ್ಸಳ ಶಾಸನಗಳನ್ನೂ ಹರಿಹರದ ಕಲ್ಲನ್ನೂ ಓದಿದವರಿಗೆ ಇದು ಹೊಸದೆನಿಸದು.

ಕಾದಂಬರಿಕಾರರಾದರೂ ಇತ್ತ ತಿರುಗಬಹುದಿತ್ತು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲಾದೇವಿ’ ಹೊಯ್ಸಳರನ್ನು ಮನೆಮನೆಗೆ ತಂದವು. ಎರಡೂ ವಿಷ್ಣುವರ್ಧನನ ಕಾಲದ ಕಥೆಗಳೇ. ಬೇಲೂರು ಏಳುತ್ತಿದ್ದ ಕಾಲದಲ್ಲಿ ಓದುಗರೂ ಸುಖವಾಗಿದ್ದರು. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಏಳುವ ಹೊತ್ತಿಗೆ, ಅಂದರೆ ಹದಿಮೂರನೆಯ ಶತಮಾನದ ನಡುವಿಗೆ, ರಾಜ್ಯದ ಚಿತ್ರವೇ ಬದಲಾಗಿತ್ತು. ಆ ತ್ರಿಕೂಟದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು. ದಂಡು ಹೊರಟಿದೆ, ಯಾರ ಮೇಲೆ ಎಂದು ಶಿಲ್ಪಿ ಹೇಳುವುದಿಲ್ಲ.

ಹೇಳುವವು ಈ ಸೀಮೆಯ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ದೇವಸನ್ನಿಧಿ. ಬಹಳಷ್ಟು ಕಲ್ಲುಗಳಲ್ಲಿ ಸಾವಿನ ಕಾರಣ ಸಾಮ್ರಾಜ್ಯವಲ್ಲ: ತುರುಗೋಳು, ಊರಳಿವು, ಹೆಣ್ಣುಗಳ ಸೆರೆ. ಗಡಿ ಅತ್ತಿತ್ತ ಸರಿದಾಗ ಅದರ ಬೆಲೆ ತೆತ್ತವರ ದಾಖಲೆ ಇದು. ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ ಇವನ್ನು ಶ್ರದ್ಧೆಯಿಂದ ಓದಿ ದಾರಿ ತೋರಿಸಿದರು. ಗತವೈಭವದ ಬರಹ ಅವರ ಶ್ರಮದಿಂದ ಶೌರ್ಯವನ್ನಷ್ಟೇ ಎತ್ತಿಕೊಂಡು ಸುಲಿಗೆಯನ್ನು ಬಿಟ್ಟಿತು. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಸುಲಿದವರೂ ಸುಲಿಸಿಕೊಂಡವರೂ ಎಷ್ಟೋ ಕಡೆ ಒಂದೇ ನುಡಿಯವರಾಗಿದ್ದರು.

ಊಹಿಸಲೇಬೇಕೆಂದರೆ ಸುಮಾರು 1254ರಿಂದ ಊಹಿಸೋಣ. ಹೊಯ್ಸಳ ಅರಸ ಸೋಮೇಶ್ವರ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ: ದೋರಸಮುದ್ರ ನರಸಿಂಹನಿಗೆ, ತಮಿಳು ಸೀಮೆಯ ಕಣ್ಣನೂರು ರಾಮನಾಥನಿಗೆ. ಪಾಂಡ್ಯರಿಗೆ ಕಣ್ಣನೂರು ಬಿಟ್ಟುಕೊಟ್ಟ ರಾಮನಾಥ ಕುಂದಾಣಿಗೆ ಸರಿದು ಅಣ್ಣತಮ್ಮಂದಿರ ಗಡಿಯನ್ನೇ ರಣರಂಗ ಮಾಡಿದ. ಮುಮ್ಮಡಿ ಬಲ್ಲಾಳ ಎರಡು ಭಾಗಗಳನ್ನು ಮತ್ತೆ ಕೂಡಿಸುವ ಹೊತ್ತಿಗೆ ಶತಮಾನ ಮುಗಿಯುತ್ತ ಬಂದಿತ್ತು. ಈ ಸೋದರರು ಒಂದಾಗಿದ್ದರೂ ದೇವಗಿರಿಯೊಂದಿಗಿನ ಹಗೆ ತಪ್ಪುತ್ತಿತ್ತೇ? ದಾಖಲೆ ಹಾಗೆ ಹೇಳುವುದಿಲ್ಲ. 1310-11ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫೂರ್ ದೋರಸಮುದ್ರದ ಕಡೆ ಹೊರಟಾಗ ಅವನ ದಂಡಿಗೆ ನೆರವು ಕೊಟ್ಟು ದಾರಿ ಮಾಡಿಕೊಟ್ಟವನು ದೆಹಲಿಗೆ ಮಣಿದಿದ್ದ ಅದೇ ರಾಮಚಂದ್ರ. ಅತ್ತ ಬಲ್ಲಾಳನೋ ಪಾಂಡ್ಯ ಸೋದರರ ಕಲಹದಲ್ಲಿ ಲಾಭ ಹುಡುಕುತ್ತ ರಾಜಧಾನಿ ಬಿಟ್ಟು ತೆಂಕಣಕ್ಕೆ ಹೋಗಿದ್ದ. ಇವರಿಬ್ಬರ ಲೆಕ್ಕಾಚಾರ ಅವರವರ ಮಟ್ಟಿಗೆ ಸರಿಯೇ ಇತ್ತು. ಗತವೈಭವದ ಲೇಖಕರು ಇನ್ನೂ ಬರೆಯದಿರುವುದು ಆ ಲೆಕ್ಕಾಚಾರವನ್ನೇ.