ಸಾಲುಮನೆಗಳ ಹೊರಮೈ: ಕೋಲಾರ ಚಿನ್ನದ ಗಣಿ ಪ್ರದೇಶದ ಕಟ್ಟಡ ಸಂರಕ್ಷಣೆಯನ್ನು ಕುರಿತು

ಹಳೆಯ ಕಟ್ಟಡವನ್ನು ದುರಸ್ತಿ ಮಾಡುವಾಗ, ಅದಕ್ಕೆ ಹೊಸ ಭಾಗವನ್ನು ಸೇರಿಸುವಾಗ ಅದರ ಬಾಹ್ಯ ಸ್ವರೂಪ ಕೆಡಬಾರದೆಂಬ ಮಾತನ್ನು ತಾತ್ವಿಕವಾಗಿ ಯಾರೂ ಅಲ್ಲಗಳೆಯುವುದಿಲ್ಲ. 1964ರ ವೆನಿಸ್ ಸನ್ನದು ಈ ತತ್ವಕ್ಕೆ ಅಂತರರಾಷ್ಟ್ರೀಯ ಮನ್ನಣೆ ತಂದಿತು. ಆದರೆ ಬೇರೆ ಬೇರೆ ಕಾಲಗಳು ಒಂದು ಕಟ್ಟಡಕ್ಕೆ ಸೇರಿಸಿದ ಯೋಗ್ಯ ಅಂಶಗಳನ್ನೂ ಗೌರವಿಸಬೇಕು, ಶೈಲಿಯ ಏಕರೂಪತೆಯೇ ಗುರಿಯಲ್ಲ ಎಂದೂ ಅದೇ ಸನ್ನದು ಹೇಳುತ್ತದೆ. ನಮ್ಮಲ್ಲಿ ಮೊದಲ ಮಾತಿಗೆ ದೊರೆತ ಪ್ರಚಾರ ಎರಡನೆಯದಕ್ಕೆ ದೊರೆತಿಲ್ಲ.

ಕೆ.ಜಿ.ಎಫ್. ಇದಕ್ಕೆ ಒಳ್ಳೆಯ ನಿದರ್ಶನ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಇಲ್ಲಿ ಎರಡು ಬಗೆಯ ವಸತಿಗಳು ಬೆಳೆದವು. ಒಂದು, ವಿಶಾಲವಾದ ವರಾಂಡಗಳುಳ್ಳ ಅಧಿಕಾರಿಗಳ ಬಂಗಲೆಗಳು. ಇನ್ನೊಂದು, ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ, ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರ ‘ಲೈನು’ಗಳು. ‘ಲಿಟ್ಲ್ ಇಂಗ್ಲೆಂಡ್’ ಎಂಬ ಬಿರುದು ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಪರಂಪರೆಯ ಚರ್ಚೆಯೂ ಬಹುಮಟ್ಟಿಗೆ ಅಲ್ಲಿಯೇ ನಿಂತಿದೆ.

ಲೈನು ಮನೆಯ ಮೂಲರೂಪ ಯಾವುದು? ಆರಂಭದಲ್ಲಿದ್ದುದು ಬಿದಿರು ತಟ್ಟಿಯ ಗುಡಿಸಲು. ಅನಂತರ ಬಂದದ್ದು ಕಂಪನಿ ಕಟ್ಟಿಸಿದ ಇಕ್ಕಟ್ಟಾದ ಸಾಲುಮನೆ. ಅದರ ಮುಂದೆ ತಗಡಿನ ಚಪ್ಪರ ಇಳಿಸಿದವರು, ಜಗುಲಿ ಕಟ್ಟಿದವರು, ಬೇಲಿ ಹಾಕಿದವರು, ಹೊಸ್ತಿಲ ಮುಂದೆ ಕೋಲಂ ಬಿಡಿಸಿದವರು ಅಲ್ಲಿನ ನಿವಾಸಿಗಳು. ಇವೆಲ್ಲವನ್ನೂ ‘ಒತ್ತುವರಿ’ಯೆಂದು ಕಿತ್ತುಹಾಕಿದರೆ ಉಳಿಯುವುದು ಕಂಪನಿಯ ನಕ್ಷೆಯೇ ಹೊರತು ಜನ ಬಾಳಿದ ಮನೆಯಲ್ಲ. ನೆಲದಾಳದ ಶಿಲಾಸ್ಫೋಟಗಳಿಗೆ ಮೇಲಿನ ಗೋಡೆಗಳೂ ಬಿರುಕು ಬಿಡುತ್ತಿದ್ದ ಈ ಊರಿನಲ್ಲಿ ದುರಸ್ತಿಯೆಂಬುದು ಕಟ್ಟಡದ ಚರಿತ್ರೆಗೆ ಹೊರತಾದುದಲ್ಲ. ಬೌರಿಂಗ್‌ಪೇಟೆಯನ್ನು ಬಂಗಾರಪೇಟೆಯನ್ನಾಗಿ ಮಾಡಿಕೊಂಡ ನಾಡಿದು. ಹೆಸರನ್ನೂ ಇಲ್ಲಿ ದುರಸ್ತಿ ಮಾಡಲಾಗಿದೆ!

ಹಾಗೆಂದು ಸೇರಿಸಿದ್ದೆಲ್ಲವೂ ಗ್ರಾಹ್ಯವೆಂದು ನನ್ನ ವಾದವಲ್ಲ. ಲೈನಿನ ಹೊರಮೈ ಒಂದೊಂದು ಮನೆಗೆ ಸೇರಿದ್ದಲ್ಲ, ಇಡೀ ಸಾಲಿಗೆ ಸೇರಿದ್ದು. ಎರಡು ಮನೆಗಳಿಗೆ ಒಂದೇ ಗೋಡೆ, ಉದ್ದಕ್ಕೂ ಒಂದೇ ಎತ್ತರದ ಚಾವಣಿ, ನಡುವೆ ಎಲ್ಲರಿಗೂ ಸೇರಿದ ಓಣಿ. ಇವೇ ಅದರ ಲಕ್ಷಣಗಳು. ಚಪ್ಪರ ಈ ಲಕ್ಷಣಗಳನ್ನು ಕೆಡಿಸುವುದಿಲ್ಲ. ನಡುವಿನ ಒಂದು ಮನೆಯ ಮೇಲೆ ಏಳುವ ಕಾಂಕ್ರೀಟ್ ಮಹಡಿ ಕೆಡಿಸುತ್ತದೆ. ಚಾವಣಿಯ ರೇಖೆ ಮುರಿಯುತ್ತದೆ, ಪಕ್ಕದ ಮನೆಯ ಗೋಡೆಗೂ ಭಾರ ಬೀಳುತ್ತದೆ. ಆದುದರಿಂದ ನಿಯಮ ರೂಪಿಸುವವರು ಸಾಲನ್ನೇ ಘಟಕವೆಂದು ಪರಿಗಣಿಸುವುದು ಉಚಿತ. ಹಿಂಬದಿಯ ವಿಸ್ತರಣೆಗೆ ಅವಕಾಶವಿರಲಿ, ಮುಂಬದಿಯ ಚಪ್ಪರಕ್ಕೆ ಒಂದು ಮಿತಿಯಿರಲಿ, ಚಾವಣಿಯ ಎತ್ತರ ಮಾತ್ರ ಬದಲಾಗದಿರಲಿ. ಪ್ರಾಚೀನ ಸ್ಮಾರಕಗಳನ್ನು ಕುರಿತ ರಾಜ್ಯದ 1961ರ ಕಾಯ್ದೆ ಸ್ಮಾರಕ, ನಿವೇಶನ, ಅವಶೇಷಗಳ ಪರಿಭಾಷೆಯಲ್ಲಿ ಯೋಚಿಸುತ್ತದೆ. ಜನವಸತಿಯುಳ್ಳ ಸಾಲಿಗೆ ಆ ಪರಿಭಾಷೆ ಒಗ್ಗದು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಡೆತನದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಮನೆಗಳ ಹಕ್ಕಿನ ವಿಚಾರ ದೀರ್ಘಕಾಲ ಎಳೆದಾಡಿತು. ಮಾರಿಕುಪ್ಪಂನಿಂದ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದಿನವೂ ದುಡಿಯಲು ಹೋಗುವ ಕುಟುಂಬವು, ಹಕ್ಕುಪತ್ರವಿಲ್ಲದ ಮನೆಗೆ ದುಬಾರಿ ದುರಸ್ತಿ ಮಾಡಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಗ್ಗದ ತಗಡಿನ ಆಯ್ಕೆಯನ್ನು ಅಭಿರುಚಿಯ ದೋಷವೆಂದು ಓದುವ ಬರಹಗಳು ಈ ಕಾರಣವನ್ನು ಕಾಣಲಾರವು.

ಯಾವುದೇ ನವೀಕರಣಕ್ಕೆ ಮೊದಲು ಅಳತೆಯ ನಕ್ಷೆಗಳು ಸಿದ್ಧವಾಗಬೇಕು. ಅವುಗಳಲ್ಲಿ ಗೋಡೆ, ಚಾವಣಿಗಳೊಂದಿಗೆ ಚಪ್ಪರದ ಆಳ, ಜಗುಲಿಯ ಎತ್ತರ, ಹಬ್ಬ ಹಾಗೂ ಸಾವಿನ ಸಂದರ್ಭಗಳಲ್ಲಿ ಓಣಿಯ ಬಳಕೆ ದಾಖಲಾಗಬೇಕು. ಈ ಕಾರ್ಯಕ್ಕೆ ವಾಸ್ತುಶಿಲ್ಪಿಗಳೊಂದಿಗೆ ಕ್ಷೇತ್ರಕಾರ್ಯದ ಅನುಭವವುಳ್ಳ ಜಾನಪದ ವಿದ್ವಾಂಸರೂ ಬೇಕು. ಅವರಿಗೆ ತಮಿಳು, ತೆಲುಗು ಬಂದರೆ ಇನ್ನೂ ಒಳಿತು.