ಯಾರ ಮಾತು ಸಂಗತಿ, ಯಾರ ಮಾತು ಆರೋಪ?: ಚಿನ್ನದ ಗಣಿಯ ಸೀಮೆಯಲ್ಲಿ ಪತ್ರಿಕಾನೀತಿಯ ಪ್ರಶ್ನೆ

ಪತ್ರಿಕಾನೀತಿಯ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ವಿಷಯಗಳಿಗೆ ಸೀಮಿತವಾಗಿದೆ: ಸರ್ಕಾರದ ಅಂಕುಶ ಮತ್ತು ಹಣದ ಆಮಿಷ. 1908ರ ಮೈಸೂರು ಪತ್ರಿಕಾ ಶಾಸನವನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದು ಮೊದಲನೆಯ ಚರ್ಚೆಯ ಹಿರಿಯ ನಿದರ್ಶನ. ಚುನಾವಣಾ ಕಾಲದ ‘ಕಾಸಿಗಾಗಿ ಸುದ್ದಿ’ ಎರಡನೆಯದರ ಇತ್ತೀಚಿನ ರೂಪ. ಇವೆರಡರಷ್ಟೇ ಗಂಭೀರವಾದ ಮೂರನೆಯ ಪ್ರಶ್ನೆಯೊಂದು ದಿನನಿತ್ಯದ ವರದಿಯ ವಾಕ್ಯರಚನೆಯಲ್ಲೇ ಅಡಗಿರುವುದರಿಂದ ಗಮನಕ್ಕೆ ಬರುವುದಿಲ್ಲ. ವರದಿಯಲ್ಲಿ ಯಾರ ಮಾತು ಸಂಗತಿಯಾಗುತ್ತದೆ, ಯಾರ ಮಾತು ಆರೋಪವಾಗಿಯೇ ಉಳಿಯುತ್ತದೆ ಎಂಬುದೇ ಆ ಪ್ರಶ್ನೆ. ಕೆ.ಜಿ.ಎಫ್.–ಬಂಗಾರಪೇಟೆ ಸೀಮೆಗೆ ಸಂಬಂಧಿಸಿದ ಎರಡು ಪ್ರಸಂಗಗಳ ಮೂಲಕ ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರ ದಶಕದಲ್ಲಿ ಆಧುನಿಕ ಗಣಿಗಾರಿಕೆಯನ್ನು ನೆಲೆಗೊಳಿಸಿದ ಕಾಲದಿಂದಲೂ ಕೋಲಾರದ ಚಿನ್ನದ ಗಣಿ ಹೊರಜಗತ್ತಿಗೆ ಬೆರಗಿನ ಸುದ್ದಿಯಾಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಇಲ್ಲಿಗೆ ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು ಎಲ್ಲರಿಗೂ ತಿಳಿದ ವಿಷಯ. ಆದರೆ ಅದೇ ಊರಿನ ಕಾರ್ಮಿಕ ಕಾಲೊನಿಗಳ ಒಣ ಶೌಚಾಲಯಗಳನ್ನು ದಲಿತ ಕುಟುಂಬಗಳು ಕೈಯಿಂದಲೇ ಶುಚಿಗೊಳಿಸುತ್ತಿದ್ದ ಸಂಗತಿ ಬಹುಕಾಲ ಸುದ್ದಿಯಾಗಲಿಲ್ಲ. ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧಕ್ಕೆ ಕಾರಣರಾದ ರಾಜ್ಯದಲ್ಲೇ ಈ ಸ್ಥಿತಿಯಿತ್ತು.

ಅಂಥದೇ ಕುಟುಂಬದಲ್ಲಿ 1966ರಲ್ಲಿ ಕೆ.ಜಿ.ಎಫ್.ನಲ್ಲಿ ಜನಿಸಿದ ಬೆಜವಾಡ ವಿಲ್ಸನ್ ಅವರು 1986ರಿಂದ ಈ ಬಗ್ಗೆ ಅಧಿಕಾರಿಗಳಿಗೂ ಪತ್ರಿಕೆಗಳಿಗೂ ಬರೆಯತೊಡಗಿದರು. ಆ ಪತ್ರಗಳು ಬಹುಮಟ್ಟಿಗೆ ಉಪೇಕ್ಷೆಗೆ ಒಳಗಾದವು. 1993ರಲ್ಲಿ ಸಂಸತ್ತು ಈ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿದ ಅನಂತರ ಅವರು ಶೌಚಾಲಯಗಳ ಛಾಯಾಚಿತ್ರಗಳನ್ನು ತೆಗೆದು ಕಳುಹಿಸಿದರು. ಆಗ ಮಾಧ್ಯಮಗಳ ಗಮನ ಇತ್ತ ತಿರುಗಿತು. ಗಣಿಯ ಆಡಳಿತ ತುರ್ತುಸಭೆ ಸೇರಿ ಶೌಚಾಲಯಗಳನ್ನು ಮಾರ್ಪಡಿಸಲು ಒಪ್ಪಬೇಕಾಯಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇದೇ ಊರಿನ ಹೆಸರು ಅಭಿಮಾನದ ಸುದ್ದಿಯಾಯಿತು.

ಈ ಪ್ರಸಂಗವನ್ನು ಪತ್ರಿಕೆಗಳ ವಿಜಯವೆಂದು ಬಣ್ಣಿಸುವುದು ಸುಲಭ. ಆದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ. 1986ರ ಪತ್ರದಲ್ಲಿ ಇಲ್ಲದ ಯಾವ ಸತ್ಯ 1993ರ ಅನಂತರದ ಚಿತ್ರದಲ್ಲಿತ್ತು? ಸತ್ಯ ಅದೇ ಆಗಿತ್ತು. ಬದಲಾದದ್ದು ಅದಕ್ಕೆ ದೊರೆತ ಆಧಾರದ ರೂಪ ಮಾತ್ರ. ಬಾಧಿತನ ಮಾತಿಗೆ ಕಾಯಿದೆಯ ಬಲವೂ ಚಿತ್ರದ ಸಾಕ್ಷಿಯೂ ಬೇಕಾದವು. ಆಡಳಿತದ ಮೌನಕ್ಕೆ ಯಾವ ಸಾಕ್ಷಿಯೂ ಬೇಕಾಗಿರಲಿಲ್ಲ. ಪತ್ರ ಬಂದ ದಿನವೇ ವರದಿಗಾರನೊಬ್ಬ ಆ ಕಾಲೊನಿಗೆ ಹೋಗಿ ನೋಡಿಬರಬಹುದಾಗಿತ್ತು. ಸುಳ್ಳು ಬರೆಯುವುದು ದೋಷವಾದರೆ, ನೋಡಬಹುದಾದದ್ದನ್ನು ನೋಡದಿರುವುದೂ ದೋಷವೇ.

ಎರಡನೆಯ ಪ್ರಸಂಗ ಗಣಿ ಮುಚ್ಚಿದ ಮೇಲಿನದು. ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಕೆಲಸ ನಿಲ್ಲಿಸಿದ ಅನಂತರ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಾವಿರಾರು ಜನರಿಗೆ ಬೆಂಗಳೂರಿನ ರೈಲೇ ಜೀವನಾಧಾರವಾಯಿತು. ಮುಂದೆ ಜಿಲ್ಲೆಯ ಹೆದ್ದಾರಿಯ ಬದಿಯಲ್ಲಿ ಎದ್ದ ಕಾರ್ಖಾನೆಗಳು ಹೊಸ ಆಸೆ ಮೂಡಿಸಿದವು. ಅವುಗಳಲ್ಲೊಂದು ಕೋಲಾರ ತಾಲ್ಲೂಕಿನ ನರಸಾಪುರದ ವಿಸ್ಟ್ರಾನ್. 2020ರ ಡಿಸೆಂಬರ್ 12ರಂದು ವೇತನದ ವಿಷಯದಲ್ಲಿ ರೊಚ್ಚಿಗೆದ್ದ ಕಾರ್ಮಿಕರಿಂದ ಅಲ್ಲಿ ದಾಂಧಲೆ ನಡೆಯಿತು. ಕಂಪನಿಯ ದೂರಿನಲ್ಲಿ ನಷ್ಟದ ಮೊತ್ತ ಸುಮಾರು 437 ಕೋಟಿ ರೂಪಾಯಿ ಎಂದಿತ್ತು. ಈ ಅಂಕಿ ದೇಶವ್ಯಾಪಿಯಾಗಿ ತಲೆಬರಹವಾಯಿತು. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಸಲ್ಲಿಸಿದ ಹೇಳಿಕೆಯಲ್ಲಿ ನಷ್ಟವನ್ನು 10ರಿಂದ 20 ಕೋಟಿ ತೈವಾನ್ ಡಾಲರ್, ಎಂದರೆ ಸುಮಾರು 26ರಿಂದ 52 ಕೋಟಿ ರೂಪಾಯಿ, ಎಂದು ಅಂದಾಜಿಸಿತು. ಡಿಸೆಂಬರ್ 19ರಂದು ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ನೀಡಿರಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು.

ಹಿಂಸೆಯನ್ನು ಸಮರ್ಥಿಸುವ ಪ್ರಶ್ನೆ ಇಲ್ಲಿಲ್ಲ. ದೂರು ಒಂದು ದಾಖಲೆ, ಅದನ್ನು ವರದಿ ಮಾಡುವುದು ತಪ್ಪಲ್ಲ ಎಂಬ ವಾದವೂ ಒಪ್ಪತಕ್ಕದ್ದೇ. ಆದರೆ ‘ದೂರಿನ ಪ್ರಕಾರ’ ಎಂಬ ಎರಡು ಪದಗಳು ಉದುರಿದೊಡನೆ ಹಕ್ಕುದಾರನ ಅಂದಾಜು ಸಿದ್ಧ ಸಂಗತಿಯಾಗಿಬಿಡುತ್ತದೆ. ಕಾರ್ಮಿಕನ ವೇತನಚೀಟಿಯೂ ದಾಖಲೆಯೇ. ಆದರೂ ನಮ್ಮ ವರದಿಯ ರೂಢಿಯಲ್ಲಿ ಕಂಪನಿ ‘ತಿಳಿಸುತ್ತದೆ’, ಅಧಿಕಾರಿ ‘ಸ್ಪಷ್ಟಪಡಿಸುತ್ತಾರೆ’, ಕಾರ್ಮಿಕ ‘ದೂರುತ್ತಾನೆ’. ಕ್ರಿಯಾಪದದ ಆಯ್ಕೆಯಲ್ಲೇ ತೀರ್ಪು ನೀಡಿಯಾಗಿರುತ್ತದೆ.

ಈ ಸೀಮೆಯಲ್ಲಿ ಭಾಷೆಯ ತೊಡಕೂ ಇದೆ. ಗಣಿ ಕಾರ್ಮಿಕರ ಮನೆಮಾತು ಬಹುಪಾಲು ತಮಿಳು. ತೆಲುಗು, ಉರ್ದುಗಳೂ ಇವೆ. ಆಡಳಿತದ ಹೇಳಿಕೆ ಮುದ್ರಣಕ್ಕೆ ಸಿದ್ಧವಾದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೈಗೆ ಬರುತ್ತದೆ. ಕಾರ್ಮಿಕನ ಮಾತನ್ನು ವರದಿಗಾರ ಅನುವಾದಿಸಿಕೊಳ್ಳಬೇಕು. ಸಮಯದ ಒತ್ತಡದಲ್ಲಿ ಮೊದಲು ಕೈಬಿಡುವುದು ಅನುವಾದ ಬೇಡುವ ಮಾತನ್ನೇ. ಜಾಹೀರಾತು ಸಂಗ್ರಹದ ಹೊರೆಯನ್ನೂ ಹೊತ್ತ ಅರೆಕಾಲಿಕ ತಾಲ್ಲೂಕು ವರದಿಗಾರನೊಬ್ಬನನ್ನೇ ಇದಕ್ಕೆ ಹೊಣೆಯಾಗಿಸುವುದು ನ್ಯಾಯವಲ್ಲ. ಹೊಣೆ ಸಂಪಾದಕೀಯ ಮೇಜಿನದು.

ಪ್ರಕಟಣೆಗೆ ಮುನ್ನ ಪರಿಶೀಲನೆ, ಇನ್ನೊಂದು ಪಕ್ಷದ ಉತ್ತರಕ್ಕೆ ಅವಕಾಶ—ಇವು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳಲ್ಲೇ ಇವೆ. ಮಂಡಳಿಗೆ ಛೀಮಾರಿ ಹಾಕುವುದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲ. ದೂರದರ್ಶನ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದಕಾರಣ ಉಳಿಯುವುದು ವೃತ್ತಿಯ ಆತ್ಮನಿಯಂತ್ರಣ. ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿ, ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೇ ರಚಿಸಿದ ಡಿ.ವಿ. ಗುಂಡಪ್ಪನವರ ಪರಂಪರೆ ನಮ್ಮದೆಂದು ಹೇಳಿಕೊಳ್ಳುವವರು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ತಪ್ಪೆಂದು ತಿಳಿದುಬಂದ ಅಂಕಿಯನ್ನು ಮೊದಲು ಅಚ್ಚಾದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುವುದು. 437 ಕೋಟಿಯನ್ನು ಓದಿದವರೆಲ್ಲರಿಗೂ 52 ಕೋಟಿ ತಲುಪಿತೇ ಎಂಬುದು ಈ ಪರೀಕ್ಷೆಯ ಮೊದಲ ಪ್ರಶ್ನೆ.